ಸರ್ಪಸುತ್ತು ವಾಸಿಯಾಗಿ ಐದು ತಿಂಗಳಾದರೂ ಉರಿ ಯಾಕೆ ಹೋಗಿಲ್ಲ?

ಪುಣೆಯ ಚಿಂಚವಾಡದಲ್ಲಿರುವ ನಿಮ್ಮ ತಾಯಿಗೆ 68 ವರ್ಷ. ಎಡಪಕ್ಕೆಯ ಗುಳ್ಳೆಗಳು ಒಣಗಿವೆ, ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ಅಳೆಯುವ ರಕ್ತಪರೀಕ್ಷೆ ಎರಡೂ ನಾರ್ಮಲ್. ಆದರೂ ಸೆರಗು ಸೋಕಿದರೆ ಉರಿ, ನೋವಿನ ಮಾತ್ರೆ ಡೈಕ್ಲೋಫೆನಾಕ್‌ಗೆ ಜಗ್ಗುತ್ತಿಲ್ಲ. ಇದು ಮನಸ್ಸಿನ ನೋವೇ ಎಂದು ಕೇಳಿದ್ದೀರಿ.

ಅಲ್ಲವೇ ಅಲ್ಲ. ನೋವು ನಿಜ, ಅದು ಕೂತಿರುವ ಜಾಗವೂ ಗೊತ್ತು. ಆ ಜಾಗ ರಕ್ತಪರೀಕ್ಷೆಗೆ ಕಾಣುವುದಿಲ್ಲ, ಅಷ್ಟೆ.

ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು, ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಗುಳ್ಳೆ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುವುದು ಅದಕ್ಕೇ. ‘ನಾಗೀಣ್’ (ಸರ್ಪಸುತ್ತಿನ ಮರಾಠಿ ಹೆಸರು) ತಲೆ-ಬಾಲ ಕೂಡಿದರೆ ಜೀವಕ್ಕೇ ಸಂಚಕಾರ ಎಂದು ಅಕ್ಕಪಕ್ಕದವರು ಹೆದರಿಸಿದ್ದರೆ ಆ ಭಯ ಬಿಡಿ.

ವೈರಸ್ ಎದುರಿಸಲು ಬಂದ ಬಿಳಿ ರಕ್ತಕಣಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಬೀಟಾದಂಥ ರಾಸಾಯನಿಕ ಸುರಿಸುತ್ತವೆ. ಅದರಿಂದ ನೋವಿನ ನರ ಸಣ್ಣದಕ್ಕೂ ಸಿಡುಕುವಂತಾಗುತ್ತದೆ. ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಬಾಗಿಲಿದೆ. ಅದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಸುಮಾರು 43 ಡಿಗ್ರಿ ಬಿಸಿಗೆ, ಇಲ್ಲವೇ ಮೆಣಸಿನಕಾಯಿಯ ಖಾರಕ್ಕೆ ತೆರೆಯಬೇಕಾದದ್ದು ಉರಿಯೂತವಿದ್ದಾಗ ಬರೀ ಮೈಬಿಸಿಗೇ ತೆರೆದುಕೊಳ್ಳುತ್ತದೆ. ನರವೂ ಸುಮ್ಮನಿರದೆ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ರಾಸಾಯನಿಕ ಬಿಟ್ಟು ಇನ್ನಷ್ಟು ರಕ್ಷಣಾ ಕಣಗಳನ್ನು ಕೆಣಕುತ್ತದೆ.

ಸೆರಗಿನ ಉರಿಗೆ ಕಾರಣ ಇನ್ನೂ ಒಳಗಿದೆ. ಬೆನ್ನುಹುರಿಯಲ್ಲಿ ಮೈಕ್ರೊಗ್ಲಿಯಾ ಎಂಬ ಕಾವಲು ಕಣಗಳಿವೆ. ನರಕ್ಕೆ ಪೆಟ್ಟಾದ ಸುದ್ದಿ ಬಂದರೆ ಅವು ಎಚ್ಚೆತ್ತು ಬಿಡಿಎನ್‌ಎಫ್ ಎಂಬ ಪ್ರೋಟೀನ್ ಬಿಡುತ್ತವೆ. ಆಗ ನರಕೋಶದೊಳಗೆ ಕ್ಲೋರೈಡ್ ಹೆಚ್ಚಿ, ನರವನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕ ಹಾಕುವ ಬ್ರೇಕ್ ಹಿಡಿಯುವುದಿಲ್ಲ, ಸ್ಪರ್ಶದ ಸುದ್ದಿ ನೋವಿನ ದಾರಿಗೆ ನುಗ್ಗುತ್ತದೆ. ಇದೆಲ್ಲ ಮುಖ್ಯವಾಗಿ ಇಲಿಗಳಲ್ಲಿ ಕಂಡದ್ದು ಎನ್ನುವುದೂ ನೆನಪಿರಲಿ. ಹೆಣ್ಣಿಲಿಗಳಲ್ಲಿ ಈ ಕೆಲಸವನ್ನು ಮೈಕ್ರೊಗ್ಲಿಯಾ ಬದಲು ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ಮಾಡುವಂತಿದೆ ಎಂದು 2015ರಲ್ಲಿ ತಿಳಿದುಬಂತು.

ಡೈಕ್ಲೋಫೆನಾಕ್ ತಡೆಯುವುದು ಪ್ರೊಸ್ಟಾಗ್ಲಾಂಡಿನ್ ಎಂಬ ನೋವಿನ ರಾಸಾಯನಿಕ ಒಂದನ್ನೇ. ಈ ಜಗಳದಲ್ಲಿ ಅದರ ಪಾಲು ಈಗ ಕಡಿಮೆ. ಈ ವಯಸ್ಸಿನಲ್ಲಿ ಅದನ್ನು ತಿಂಗಳುಗಟ್ಟಲೆ ನುಂಗುವುದು ಮೂತ್ರಪಿಂಡಕ್ಕೂ ಹೊಟ್ಟೆಗೂ ಕೆಟ್ಟದ್ದು, ದಯವಿಟ್ಟು ವೈದ್ಯರೊಡನೆ ಮಾತಾಡಿ ನಿಲ್ಲಿಸಿ.

ನನ್ನ ಮಟ್ಟಿಗೆ ಮೊದಲ ಆಯ್ಕೆ ಚರ್ಮವನ್ನು ಮರಗಟ್ಟಿಸುವ 5% ಲಿಡೊಕೇನ್ ಪಟ್ಟಿ. 12 ಗಂಟೆ ಅಂಟಿಸಿ, 12 ಗಂಟೆ ಬಿಡಬೇಕು. ಚರ್ಮ ಒಡೆದಿದ್ದರೆ ಬೇಡ. ಸಾಲದಿದ್ದರೆ ನರದ ನೋವಿನ ಮಾತ್ರೆ ಪ್ರಿಗಬಾಲಿನ್, ಆದರೆ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡಿಯೇ ಪ್ರಮಾಣ ಗೊತ್ತುಮಾಡಬೇಕು. ಮೊದಲ ವಾರ ತಲೆ ಸುತ್ತಬಹುದು, ರಾತ್ರಿ ಬಚ್ಚಲಿಗೆ ಹೋಗುವಾಗ ಜೊತೆಗಿರಿ. ಗುಣ ಕಾಣಲಿಲ್ಲವೆಂದು ಥಟ್ಟನೆ ನಿಲ್ಲಿಸುವಂತಿಲ್ಲ, ಕನಿಷ್ಠ ಒಂದು ವಾರದಲ್ಲಿ ಮೆಲ್ಲಮೆಲ್ಲಗೆ ಪ್ರಮಾಣ ಇಳಿಸಬೇಕು. ನರದ ನೋವಿಗೆ ಕೊಡುವ ಇನ್ನೊಂದು ಮಾತ್ರೆ ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂ.ನಿಂದ ಶುರು. ಅದಕ್ಕೆ ಮುಂಚೆ ಇಸಿಜಿ ಆಗಲಿ. ಮಲಬದ್ಧತೆ, ಮೂತ್ರ ಕಟ್ಟುವುದು, ಗ್ಲಾಕೋಮಾ ಇದ್ದರೆ ಹೇಳಿಬಿಡಿ. ಯಾವ ಮಾತ್ರೆಗೂ ಸರಿಯಾದ ಪ್ರಮಾಣ ತಲುಪಿದ ಮೇಲೆ ಎರಡು-ನಾಲ್ಕು ವಾರ ಕೊಡಬೇಕು. ಮೂರೇ ದಿನಕ್ಕೆ ಕೈಬಿಡುವುದರಿಂದಲೇ ಎಷ್ಟೋ ಜನಕ್ಕೆ ‘ಯಾವ ಔಷಧಿಯೂ ಹಿಡಿಯಲಿಲ್ಲ’ ಅನಿಸುತ್ತದೆ.

ವೈದ್ಯರ ಬಳಿ ಹೋಗುವ ಮುನ್ನ ಒಂದು ಕೆಲಸ ಮಾಡಿ. ತಾಯಿ ಕಣ್ಣು ಮುಚ್ಚಿರಲಿ. ಹತ್ತಿಯ ಎಳೆಯನ್ನು ಆರೋಗ್ಯವಾಗಿರುವ ಚರ್ಮದಿಂದ ಉರಿಯ ಕಡೆಗೆ ಮೆಲ್ಲಗೆ ಎಳೆಯಿರಿ. ಉರಿ ಶುರುವಾದಲ್ಲಿ ಪೆನ್ನಿನ ಚುಕ್ಕೆ ಇಡಿ, ನಾಲ್ಕೂ ಕಡೆಯಿಂದ. ಫೋಟೊ ತೆಗೆದು ತಿಂಗಳಿಗೊಮ್ಮೆ ಹೋಲಿಸಿದರೆ, ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಉಡುಪು ಸಡಿಲವಿದ್ದರೆ ಒಳ್ಳೆಯದು ಅನಿಸುತ್ತದೆ, ಆದರೆ ಅಲುಗಾಡುವ ಬಟ್ಟೆಯೇ ಹೆಚ್ಚು ಉರಿಸುತ್ತದೆ. ಮೈಗೆ ಕೂರುವ ಮೆತ್ತನೆಯ ಹತ್ತಿ ಬನಿಯನ್ ಹಾಕಿ ನೋಡಿ.

ಮನೆಯಲ್ಲಿ 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ಇದೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಈಗಿರುವ ಉರಿಗೆ ಅದು ಮದ್ದಲ್ಲ. ಇನ್ನಾರಿಗಾದರೂ ಗುಳ್ಳೆ ಎದ್ದರೆ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾಗಲಿ. ಕಣ್ಣಿನ ಹತ್ತಿರ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಓಡಿ.