ಅಳೆದು ನೀರು ಕುಡಿಯುವವರಿಗೆ ಲೀಟರ್‌ಗಟ್ಟಲೆ ಡ್ರಿಪ್ ಏಕೆ?

ಪ್ರಶ್ನೆ: ನಮ್ಮ ಮನೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ. ಎಳನೀರು, ಬಾಳೆಹಣ್ಣು ಪೂರ್ತಿ ಬಂದ್. ಮುಂದಿನ ತಿಂಗಳು ನಮ್ಮ ಅತ್ತೆಯವರ ಕಿಡ್ನಿಯನ್ನು ಇವರಿಗೆ ಕಸಿ ಮಾಡುತ್ತಾರೆ. ಆಪರೇಷನ್ ವೇಳೆ ಮೂರು ನಾಲ್ಕು ಲೀಟರ್ ಡ್ರಿಪ್ ಏರಿಸುತ್ತಾರಂತೆ. ಶ್ವಾಸಕೋಶಕ್ಕೆ ನೀರು ತುಂಬುವುದಿಲ್ಲವೇ? ಆ ದಿನ ಬೆಳಿಗ್ಗೆ ಬಿಪಿ ಮಾತ್ರೆ ಕೊಡಬಹುದೇ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಅರಸೀಕೆರೆಯಲ್ಲಿದ್ದುಕೊಂಡು ಎಳನೀರು ಬಿಡುವುದು ಸಣ್ಣ ಕಷ್ಟವಲ್ಲ! ನಿಮ್ಮ ಭಯ ನ್ಯಾಯವಾದದ್ದೇ ಅಮ್ಮಾ. ಅರಿವಳಿಕೆ ಕೊಡುವ ನಾನೂ ಅದೇ ಭಯ ಇಟ್ಟುಕೊಂಡೇ ಬಾಟಲಿ ತೂಗುಹಾಕುವುದು.

ನಿಮ್ಮ ಅತ್ತೆಯವರಿಂದ ತೆಗೆದ ಕಿಡ್ನಿಯನ್ನು ತಣ್ಣನೆಯ ದ್ರಾವಣದಲ್ಲಿ ತೊಳೆದು, ಮಂಜುಗಡ್ಡೆಯಲ್ಲಿಟ್ಟು, ಮಗನ ಕಿಬ್ಬೊಟ್ಟೆಯ ರಕ್ತನಾಳಗಳಿಗೆ ಹೊಲಿಯುತ್ತಾರೆ. ಕ್ಲ್ಯಾಂಪ್ ಬಿಚ್ಚಿದ ಗಳಿಗೆ ರಕ್ತ ಅದರೊಳಕ್ಕೆ ಜೋರಾಗಿ ನುಗ್ಗಬೇಕು. ಬಿಪಿ ಕುಸಿದಿದ್ದರೆ ಕಿಡ್ನಿ ಮಂಕಾಗಿಬಿಡುತ್ತದೆ, ಮೂತ್ರ ಬರುವುದು ತಡವಾಗುತ್ತದೆ. ಬಿಪಿ ಏರಿಸುವ ಔಷಧಿಗಳಿವೆ, ಆದರೆ ಅತಿಯಾದರೆ ಅವು ಹೊಸ ಕಿಡ್ನಿಯ ನಾಳಗಳನ್ನೂ ಬಿಗಿಮಾಡುತ್ತವೆ. ಹಾಗಾಗಿ ಮೊದಲು ನಾಳಗಳನ್ನು ದ್ರವದಿಂದ ತುಂಬಿಸಿಕೊಳ್ಳುತ್ತೇವೆ. ಎಷ್ಟು? ‘ಮೂರು ನಾಲ್ಕು ಲೀಟರ್’ ಎಲ್ಲರಿಗೂ ಒಂದೇ ಅಳತೆಯಲ್ಲ. ಹಿಂದಿನ ಡಯಾಲಿಸಿಸ್‌ನಲ್ಲಿ ಎಷ್ಟು ನೀರು ತೆಗೆದಿದ್ದಾರೆ, ಎಕೋದಲ್ಲಿ ಹೃದಯ ಹೇಗಿದೆ ಎಂಬುದರ ಮೇಲೆ ಅದು ನಿಂತಿದೆ. ಒಣ ತೂಕಕ್ಕಿಂತಲೂ (ಮೈಯಲ್ಲಿನ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಕೆಳಗಿಳಿಸಿ ಕಳಿಸಿದರೆ ನಮಗೆ ಕೆಲಸ ಜಾಸ್ತಿ.

ಯಾವ ಡ್ರಿಪ್ ಅನ್ನುವುದೂ ಮುಖ್ಯ. ಕೆಟ್ಟ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು; ಎಳನೀರು, ಬಾಳೆಹಣ್ಣು ಬಂದ್ ಆಗಿದ್ದೂ ಅದಕ್ಕೇ. ರಿಂಗರ್ಸ್ ಲ್ಯಾಕ್ಟೇಟ್‌ನಲ್ಲಿ ಲೀಟರಿಗೆ 4 ಮಿಲಿಮೋಲ್ ಪೊಟ್ಯಾಸಿಯಂ ಇದೆಯೆಂದು ಹೆದರಿ, ಅದಿಲ್ಲದ ನಾರ್ಮಲ್ ಸಲೈನನ್ನೇ ಬಹುಕಾಲ ಕೊಡುತ್ತಿದ್ದರು. ಕೇಳಲು ತರ್ಕ ಸರಿ, ದೇಹದಲ್ಲಿ ಆಗುವುದು ಉಲ್ಟಾ. ಸಲೈನ್‌ನಲ್ಲಿರುವ ಹೆಚ್ಚಿನ ಕ್ಲೋರೈಡ್‌ನಿಂದ ರಕ್ತ ಆಮ್ಲೀಯವಾಗಿ, ಜೀವಕೋಶದೊಳಗಿನ ಪೊಟ್ಯಾಸಿಯಂ ಹೊರಬರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಬೆಸ್ಟ್-ಫ್ಲೂಯಿಡ್ಸ್ ಅಧ್ಯಯನದಲ್ಲಿ, ಕಸಿಯಾದ ಮೊದಲ ವಾರ ಡಯಾಲಿಸಿಸ್ ಬೇಕಾದವರು ಸಲೈನ್ ಪಡೆದವರಲ್ಲಿ ಶೇ 40, ಪ್ಲಾಸ್ಮಾ-ಲೈಟ್ ಎಂಬ ಸಮತೋಲಿತ ದ್ರಾವಣ (ಲವಣಗಳ ಪ್ರಮಾಣ ರಕ್ತಕ್ಕೆ ಹತ್ತಿರವಿರುವ ಡ್ರಿಪ್) ಪಡೆದವರಲ್ಲಿ ಶೇ 30. ಅವೆಲ್ಲ ಮೃತ ದಾನಿಗಳ ಕಿಡ್ನಿಗಳು. ನಿಮ್ಮದು ಜೀವಂತ ದಾನಿಯದು, ಲೆಕ್ಕ ಹಾಗೇ ಹೊಂದುವುದಿಲ್ಲ. ಆದರೂ ನನ್ನ ಒಲವು ಸಮತೋಲಿತ ದ್ರಾವಣದತ್ತಲೇ.

ಔಷಧಿಗಳ ಬಗ್ಗೆ ಚುಟುಕಾಗಿ: ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಮೀಥೈಲ್‌ಪ್ರೆಡ್ನಿಸೊಲೋನ್, ಹಲವು ಕಡೆ ಬೆಸಿಲಿಕ್ಸಿಮ್ಯಾಬ್ ಕೂಡ. ಸ್ನಾಯು ಸಡಿಲಿಸಲು ಅಟ್ರಾಕ್ಯೂರಿಯಂ. ಅದು ಕಿಡ್ನಿಯ ಹಂಗಿಲ್ಲದೆ ರಕ್ತದಲ್ಲೇ ಕರಗಿಹೋಗುತ್ತದೆ. ನೋವಿಗೆ ಫೆಂಟನಿಲ್. ಡೈಕ್ಲೋಫಿನ್ಯಾಕ್, ಬ್ರೂಫೆನ್ ಆಗಲೂ ಬೇಡ, ಮನೆಗೆ ಬಂದ ಮೇಲೂ ಬೇಡ.

ಬಿಪಿ ಮಾತ್ರೆಯನ್ನು ನೀವೇ ತೀರ್ಮಾನಿಸಬೇಡಿ. ಮೆಟೊಪ್ರೊಲಾಲ್ ಜಾತಿಯದನ್ನು ತಟ್ಟನೆ ನಿಲ್ಲಿಸುವಂತಿಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದವನ್ನು ಸಾಮಾನ್ಯವಾಗಿ ಅಂದು ಬಿಡಿಸುತ್ತೇವೆ. ಅವನ್ನು ನುಂಗಿದ್ದರೆ ಅರಿವಳಿಕೆ ಕೊಟ್ಟಾಗ ಬಿಪಿ ಇನ್ನಷ್ಟು ಇಳಿಯುತ್ತದೆ. ಅರಿವಳಿಕೆ ತಪಾಸಣೆಗೆ ಬರುವಾಗ ಚೀಟಿ ಸಾಲದು, ಮಾತ್ರೆಯ ಸ್ಟ್ರಿಪ್‌ಗಳನ್ನೇ ತನ್ನಿ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಮಾಡಿದ ರಕ್ತನಾಳದ ಜೋಡಣೆ) ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಸೂಜಿ ಹಾಕಬಾರದು ಎಂದು ವಾರ್ಡಿನ ಸಿಸ್ಟರ್‌ಗೆ ನೀವೇ ಒಂದು ಮಾತು ಹೇಳಿಡಿ.