3.07: ಒಬ್ಬ ಪ್ರೀ-ಮೆಡ್ ಹುಡುಗಿಯ ಪ್ರಕರಣ

ಹೆಸರು, ಊರು, ಕಾಲೇಜು ಯಾವುದೂ ಇಲ್ಲಿ ನಿಜದ್ದಲ್ಲ. ಹುಡುಗಿಯನ್ನು ಸಿಂಧು ಎಂದು ಕರೆಯೋಣ. ವಯಸ್ಸು 21, ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಅಪ್ಪ ದಾವಣಗೆರೆ ಕಡೆಯವರು, ಸಾಫ್ಟ್‌ವೇರ್‌ನಲ್ಲಿದ್ದಾರೆ. ಸಿಂಧು ಬಯಾಲಜಿ ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದಳು; ಪ್ರೀ-ಮೆಡ್, ಅಂದರೆ ಪದವಿ ಮುಗಿಸಿ ಮೆಡಿಕಲ್‌ಗೆ ಹೋಗುವ ತಯಾರಿ. ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 4ಕ್ಕೆ 3.07; ವಿಜ್ಞಾನ-ಗಣಿತದ ವಿಷಯಗಳನ್ನಷ್ಟೇ ಹಿಡಿದರೆ 2.8. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ 499. ಅಮೆರಿಕದ ಎಂ.ಡಿ. (ಅಲ್ಲಿ ಅದೇ ಮೊದಲ ವೈದ್ಯ ಪದವಿ) ಕಾಲೇಜುಗಳಿಗೆ ಸೇರುವವರ ಸರಾಸರಿ ಜಿಪಿಎ 3.8ರ ಹತ್ತಿರ, ಎಂಕ್ಯಾಟ್ 511–512ರ ಆಸುಪಾಸು. ಮನೆಯವರು ಸಲಹೆ ಕೇಳಿ ನನ್ನ ಬಳಿ ಬಂದದ್ದು ಏಪ್ರಿಲ್‌ನಲ್ಲಿ, ಅರ್ಜಿ ಹಾಕಬೇಕೆಂದಿದ್ದದ್ದು ಜೂನ್‌ನಲ್ಲಿ. "ಪರ್ಸನಲ್ ಸ್ಟೇಟ್‌ಮೆಂಟ್ ಸ್ವಲ್ಪ ಸ್ಟ್ರಾಂಗ್ ಆಗಿ ಬರೆಸಿಬಿಡಿ ಮೇಡಂ, ಮಿಕ್ಕಿದ್ದು ನೋಡ್ಕೋತೀವಿ" ಎಂದರು ಅಪ್ಪ.

ಮೊದಲ ಮಾತುಕತೆ ಅಪ್ಪ-ಅಮ್ಮ ಇಲ್ಲದೆ ಸಿಂಧು ಜೊತೆಗೇ ಆಯಿತು. ಟ್ರಾನ್ಸ್‌ಕ್ರಿಪ್ಟ್ ತೆಗೆಸಿದೆ. ಹೈಸ್ಕೂಲಿನಲ್ಲಿ ಜಾಣೆ, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಿಂದ 28 ಕ್ರೆಡಿಟ್ ಮೊದಲೇ ಕೈಯಲ್ಲಿತ್ತು. ಅದನ್ನು ಬಳಸಿ ಮೊದಲ ವರ್ಷದ ಕೆಮಿಸ್ಟ್ರಿ, ಬಯಾಲಜಿ ಎರಡನ್ನೂ ಹಾರಿಸಿ, ಕಾಲೇಜಿಗೆ ಕಾಲಿಟ್ಟ ಮೊದಲ ಸೆಮಿಸ್ಟರಿನಲ್ಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ ತೆಗೆದುಕೊಂಡಿದ್ದಳು. ಯಾಕೆಂದರೆ ಮೂರೇ ವರ್ಷದಲ್ಲಿ ಪದವಿ ಮುಗಿದರೆ ಒಂದು ವರ್ಷದ ಫೀಸು ಉಳಿಯುತ್ತದೆ, ಮೆಡಿಕಲ್‌ಗೆ ಆಗುತ್ತದೆ ಎಂಬುದು ಮನೆಯ ಲೆಕ್ಕ. ಆರ್ಗ್ಯಾನಿಕ್ ಒಂದರಲ್ಲಿ ಸಿ-ಮೈನಸ್, ಎರಡರಲ್ಲಿ ಸಿ. ಫಿಸಿಕ್ಸ್ ಒಮ್ಮೆ ನಡುವೆಯೇ ಬಿಟ್ಟು ಡಬ್ಲ್ಯೂ, ಮತ್ತೆ ತೆಗೆದುಕೊಂಡಾಗ ಸಿ-ಪ್ಲಸ್. ಮನೆಯಲ್ಲಿ ಹೇಳಿದ್ದು "ಬಿ ಬಂತು" ಎಂದು.

ಈ ಮೂರು ವರ್ಷದ ಅವಸರವನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲ ನೋಡಿದ್ದೇನೋ. ಮೆಡಿಕಲ್‌ಗೆ ಹೋಗುವ ಮಗುವಿಗೆ ಅದರಷ್ಟು ದುಬಾರಿ ಉಳಿತಾಯ ಇನ್ನೊಂದಿಲ್ಲ.

ಆದರೆ ಅವಸರವೊಂದೇ ಕಾರಣ ಎನ್ನುವ ಹಾಗಿರಲಿಲ್ಲ. ಎರಡನೆಯ ಭೇಟಿಯಲ್ಲಿ ಒಂದು ಖಾಲಿ ಹಾಳೆ ಕೊಟ್ಟು, "ಎಸ್‌ಎನ್2 ರಿಯಾಕ್ಷನ್ ಬರೆದು ತೋರಿಸಮ್ಮ, ನೋಟ್ಸ್ ಬೇಡ" ಎಂದೆ. ಕಾರ್ಬನ್ ಬರೆದಳು, ಬ್ರೋಮಿನ್ ಬರೆದಳು, ಆಮೇಲೆ ಎಲೆಕ್ಟ್ರಾನಿನ ಬಾಣವನ್ನು ಕಾರ್ಬನ್‌ನಿಂದ ಹೈಡ್ರಾಕ್ಸೈಡ್ ಕಡೆಗೆ ಎಳೆದಳು. ಅದು ಉಲ್ಟಾ, ಎಲೆಕ್ಟ್ರಾನ್ ಇರುವುದು ಹೈಡ್ರಾಕ್ಸೈಡ್ ಬಳಿ. ಅವಳೇ ಪೆನ್ನು ನಿಲ್ಲಿಸಿ, "ನೋಟ್ಸ್ ನೋಡಿದ್ರೆ ಎಲ್ಲ ಗೊತ್ತಾಗತ್ತೆ ಆಂಟಿ" ಎಂದಳು. ನೋಟ್ಸ್ ತೋರಿಸಿದಳು ಕೂಡ: ಮೂರು ಬಣ್ಣದ ಹೈಲೈಟರ್, ಮುತ್ತಿನಂಥ ಅಕ್ಷರ. ಓದಿದ್ದು ಸುಳ್ಳಲ್ಲ, ರಾತ್ರಿ ಎರಡರವರೆಗೆ ಕೂತದ್ದೂ ಸುಳ್ಳಲ್ಲ. ಆದರೆ ಉತ್ತರ ಮುಚ್ಚಿಟ್ಟು ತಾನೇ ಲೆಕ್ಕ ಬಿಡಿಸಿದ್ದು ಮೂರು ವರ್ಷದಲ್ಲಿ ಅಪರೂಪ. ಹೈಸ್ಕೂಲಿಗೆ ಆ ಓದು ಸಾಕಾಗಿತ್ತು. ಇದು ತಿದ್ದದೆ ಇನ್ನೂ ಹತ್ತು ಕೋರ್ಸ್ ತೆಗೆದುಕೊಂಡರೆ ಇನ್ನೂ ಹತ್ತು ಸಿ ಸೇರುತ್ತಿದ್ದವು, ಅಷ್ಟೇ.

ಹಾಗಾಗಿ ನನ್ನ ಮೊದಲ ಸಲಹೆ: ಈ ಜೂನ್‌ನಲ್ಲಿ ಅರ್ಜಿ ಬೇಡ.

ಅದನ್ನು ಮನೆಯವರಿಗೆ ಹೇಳಲು ಸಿಂಧುವಿನ ಒಪ್ಪಿಗೆ ಕೇಳಿದೆ. ಅಂಕಗಳ ವಿಷಯ ತಾನೇ ಹೇಳುತ್ತೇನೆ, ನೀವು ಪಕ್ಕದಲ್ಲಿರಿ ಎಂದಳು. ಹೇಳಿದಳು. ಅಪ್ಪ ಬಹಳ ಹೊತ್ತು ಟ್ರಾನ್ಸ್‌ಕ್ರಿಪ್ಟನ್ನೇ ನೋಡಿ, "ಈ ಡಬ್ಲ್ಯೂ ಅಂದ್ರೆ ಏನಮ್ಮ?" ಎಂದು ಕೇಳಿದರು. ಬೈಗುಳ ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಬಂದದ್ದು ಉಪಾಯಗಳು, ಒಂದರ ಹಿಂದೊಂದು.

ಕಡಿಮೆ ಅಂಕದ ವಿಷಯಗಳನ್ನು ಮತ್ತೆ ಬರೆದು ಹಳೆಯದನ್ನು ಅಳಿಸಿಬಿಡೋಣ, ಸ್ನೇಹಿತರ ಮಗ ಹಾಗೇ ಮಾಡಿದ್ದ ಎಂದರು. ಆ ಹುಡುಗ ಡಿ.ಒ. (ಆಸ್ಟಿಯೋಪಥಿಕ್ ಮೆಡಿಸಿನ್, ಅಮೆರಿಕದ ಇನ್ನೊಂದು ವೈದ್ಯ ಪದವಿ) ಕಾಲೇಜಿಗೆ ಹೋದವನಿರಬೇಕು. ಡಿ.ಒ. ಅರ್ಜಿ ವ್ಯವಸ್ಥೆಯಲ್ಲಿ ಹೊಸ ಗ್ರೇಡ್ ಹಳೆಯದರ ಜಾಗಕ್ಕೆ ಬರುವ ನಿಯಮ ಇತ್ತು, 2017ರಲ್ಲಿ ಹೋಯಿತು. ಎಂ.ಡಿ. ಅರ್ಜಿ ವ್ಯವಸ್ಥೆಯಾದ ಎಎಂಸಿಎಎಸ್‌ನಲ್ಲಂತೂ ಪ್ರತಿ ಪ್ರಯತ್ನವೂ ಲೆಕ್ಕಕ್ಕೆ ಬರುತ್ತದೆ. (ಟೆಕ್ಸಾಸ್‌ನಲ್ಲಿ ಹತ್ತು ವರ್ಷಕ್ಕಿಂತ ಹಳೆಯ ಕೋರ್ಸುಗಳನ್ನು ಕೈಬಿಡುವ 'ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್' ಇದೆ. 21ರ ಹುಡುಗಿಗೆ ಅದರಿಂದ ಏನೂ ಆಗದು.)

ಮೆಡಿಕಲ್‌ಗೆ ಹೋಗುವವರಿಗೆಂದೇ ಇರುವ ಒಂದು ವರ್ಷದ ಸ್ಪೆಷಲ್ ಮಾಸ್ಟರ್ಸ್? ಬೇಡವೆಂದೆ. ಅದರ ಗ್ರೇಡು ಗ್ರಾಜುಯೇಟ್ ಲೆಕ್ಕಕ್ಕೆ ಹೋಗುತ್ತದೆ, ಪದವಿಯ 3.07 ಅಲ್ಲಾಡುವುದಿಲ್ಲ. ಫೀಸು ಭಾರಿ. ಓದುವ ರೀತಿ ತಿದ್ದಿಕೊಳ್ಳುವ ಮುಂಚೆ ಅಲ್ಲಿಗೆ ಹೋಗಿ ಎಡವಿದರೆ ಮತ್ತೆ ಏಳುವುದು ಬಹಳ ಕಷ್ಟ. ಪದವಿಯ ಕ್ರೆಡಿಟ್ ರಾಶಿ ಬಿದ್ದು ಜಿಪಿಎ ಕದಲದ ಸ್ಥಿತಿಯಲ್ಲಿರುವವರಿಗೆ ಅದು ಸರಿಯಾದ ದಾರಿ, ಇವಳಿಗಲ್ಲ.

ಊರಿಗೆ ಹೋಗಿ ಎಂಬಿಬಿಎಸ್ ಮಾಡಿಸೋಣವೇ ಎಂದು ಅಮ್ಮ ಕೇಳಿದರು. ನೀಟ್ ಬರೆಯಲೇಬೇಕು. 2021ರ ಕೇಂದ್ರದ ಅಧಿಸೂಚನೆಯ ನಂತರ ಒಸಿಐ (ವಿದೇಶಿ ಪ್ರಜೆಗಳಾದ ಭಾರತೀಯ ಮೂಲದವರ) ಕಾರ್ಡ್ ಪಡೆದ ಮಕ್ಕಳಿಗೆ ಉಳಿದದ್ದು ಎನ್‌ಆರ್‌ಐ ಸೀಟಿನ ದಾರಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ವಿದೇಶಿ ಪದವೀಧರಳಾಗಿ ವಾಪಸು ಬಂದು ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಗೆ, ಸಾಲು ನಿಲ್ಲಬೇಕು. ಕೆರಿಬಿಯನ್ ಕಾಲೇಜುಗಳದ್ದೂ ರೆಸಿಡೆನ್ಸಿಯ ಹೊತ್ತಿಗೆ ಇದೇ ಕಥೆ, ಸಾಲ ಮಾತ್ರ ಡಾಲರಿನಲ್ಲಿ. ಎರಡನ್ನೂ ಪಕ್ಕಕ್ಕಿಟ್ಟೆವು.

ಉಳಿದದ್ದು ಮನೆಯ ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ತಾನೇ ಕೋರ್ಸ್ ಆರಿಸಿಕೊಳ್ಳುವ ಪೋಸ್ಟ್‌ಬ್ಯಾಕ್, ಅಂದರೆ ಪದವಿ ಮುಗಿದಮೇಲೂ ಪದವಿ ಮಟ್ಟದ ಇನ್ನಷ್ಟು ಕೋರ್ಸುಗಳು. ಅಪ್ಪನಿಗೆ ಲೆಕ್ಕದಲ್ಲಿ ಹೇಳಿದರೆ ಹತ್ತುತ್ತದೆಂದು ಅಲ್ಲೇ ಲೆಕ್ಕ ಹಾಕಿದೆ. ಎಪಿ ಕ್ರೆಡಿಟ್‌ಗೆ ಗ್ರೇಡ್ ಇಲ್ಲ, ಹಾಗಾಗಿ ಗ್ರೇಡ್ ಇರುವ ಕ್ರೆಡಿಟ್ 92 ಮಾತ್ರ. ಇನ್ನು 32 ಕ್ರೆಡಿಟ್ 3.9ರಂತೆ ಬಂದರೆ ಒಟ್ಟು 3.28. "ಇಷ್ಟೇನಾ?" ಎಂದರು. ಇಷ್ಟೇ. ಆದರೆ ಅರ್ಜಿಯಲ್ಲಿ ಜಿಪಿಎ ಒಂದೇ ಸಂಖ್ಯೆಯಾಗಿ ಕೂರುವುದಿಲ್ಲ. ವರ್ಷಕ್ಕೊಂದು ಸಾಲು, ಪೋಸ್ಟ್‌ಬ್ಯಾಕ್‌ಗೆ ಅದರದೇ ಸಾಲು. ಮೊದಲ ಸಾಲುಗಳಲ್ಲಿ 2.9, ಕೊನೆಯ ಸಾಲಿನಲ್ಲಿ 3.9 ಇದ್ದರೆ, ಬಿದ್ದವಳು ಎದ್ದಳೆಂದು ಓದುವವರಿಗೆ ತಾನಾಗಿ ಕಾಣುತ್ತದೆ. ಎಷ್ಟು ಚೆಂದದ ಪ್ರಬಂಧ ಬರೆದರೂ ಆ ಸಾಲಿಲ್ಲದೆ ನಂಬುವವರಿಲ್ಲ.

ಆರ್ಗ್ಯಾನಿಕ್ ಒಂದನ್ನು ಮಾತ್ರ ಮತ್ತೆ ತೆಗೆದುಕೊಳ್ಳಲು ಹೇಳಿದೆ. ಸಿ-ಮೈನಸ್ಸನ್ನು ಒಪ್ಪದ ಕಾಲೇಜುಗಳು ಬಹಳ. ಮಿಕ್ಕ ಸಿಗಳನ್ನು ಮುಟ್ಟಬೇಡ, ಅದರ ಮುಂದಿನ ವಿಷಯದಲ್ಲಿ ಎ ತೆಗಿ ಎಂದೆ: ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಸೆಲ್ ಬಯಾಲಜಿ, ಫಿಸಿಯಾಲಜಿ. ಮೊದಲ ಸೆಮಿಸ್ಟರ್ ಎರಡೇ ವಿಷಯ. ಓದುವ ರೀತಿ ಕೈಗೆ ಬಂದಮೇಲೆ ನಾಲ್ಕು, ಏಕೆಂದರೆ ಪೂರ್ಣ ಹೊರೆ ಹೊತ್ತೂ ನಿಲ್ಲುತ್ತಾಳೆಂದು ಕಾಲೇಜಿಗೆ ಕಾಣಬೇಕು. ಪ್ರತಿ ಸಂಜೆ ನೋಟ್ಸ್ ಮುಚ್ಚಿ ಅಂದಿನ ಪಾಠವನ್ನು ಖಾಲಿ ಹಾಳೆಯಲ್ಲಿ ಬರೆಯುವುದು, ತಪ್ಪಿದ್ದನ್ನು ಕೆಂಪಿನಲ್ಲಿ ತಿದ್ದಿ ಮೂರು ದಿನ ಬಿಟ್ಟು ಮತ್ತೆ ಬರೆಯುವುದು. ಹೈಲೈಟರ್‌ಗಳನ್ನು ತಮ್ಮನಿಗೆ ಕೊಟ್ಟಳಂತೆ.

ಹಿಂದಿನ ಎಂಕ್ಯಾಟ್ ದಿನಾಂಕ ಅಪ್ಪನೇ ಬುಕ್ ಮಾಡಿದ್ದರು. ಆ ಪರೀಕ್ಷೆ ಬರೆಯುವುದಕ್ಕೆ ಮಿತಿ ಇದೆ: ವರ್ಷದಲ್ಲಿ 3 ಸಲ, ಎರಡು ವರ್ಷದಲ್ಲಿ 4, ಜೀವಮಾನಕ್ಕೆ 7. ಅದಕ್ಕಿಂತ ಮುಖ್ಯ, ರದ್ದು ಮಾಡಿಸದ ಪ್ರತಿ ಸ್ಕೋರೂ ಕಾಲೇಜಿಗೆ ಕಾಣುತ್ತದೆ. ಪೂರ್ಣಾವಧಿಯ ಅಭ್ಯಾಸ ಪರೀಕ್ಷೆಗಳಲ್ಲಿ ಸತತವಾಗಿ 510 ದಾಟುವವರೆಗೆ ದಿನಾಂಕ ಬೇಡ, ಆ ದಿನಾಂಕವನ್ನು ಸಿಂಧುವೇ ಆರಿಸಲಿ ಎಂದೆ. ಅಪ್ಪ ತಲೆಯಾಡಿಸಿದರು, ಅರೆಮನಸ್ಸಿನಿಂದಲೇ.

ಆಸ್ಪತ್ರೆಯ ಅನುಭವ ಎಂದು ಅವಳ ಬಳಿ ಇದ್ದದ್ದು ಕುಟುಂಬದ ಪರಿಚಯದ ಡಾಕ್ಟರ ಹಿಂದೆ ಕೆಲವು ದಿನ ನಿಂತದ್ದು. ಅದರ ಬದಲು ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಪಡೆದು ವೃದ್ಧರ ಆರೈಕೆ ಕೇಂದ್ರದಲ್ಲಿ ವಾರಾಂತ್ಯ ಕೆಲಸ ಮಾಡಲು ಸೂಚಿಸಿದೆ. ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು. ಅಮ್ಮನಿಗೆ ಅದು ಇಷ್ಟವಾಗಲಿಲ್ಲ. ಡಾಕ್ಟರಾಗಬೇಕೆಂಬುದು ಯಾರ ಆಸೆ ಎಂಬ ಪ್ರಶ್ನೆ ನನಗೆ ಕೊನೆಯವರೆಗೂ ಇತ್ತು. ಮೂರು ತಿಂಗಳಾದಮೇಲೆ ಅವಳು ಹೆಚ್ಚುವರಿ ಶಿಫ್ಟ್ ಕೇಳಿ ತೆಗೆದುಕೊಂಡಾಗ ಕೇಳುವುದನ್ನು ಬಿಟ್ಟೆ.

ಎಲ್ಲ ಮುಗಿಯಲು ಎರಡು ವರ್ಷ ಹಿಡಿಯಿತು. ಪೋಸ್ಟ್‌ಬ್ಯಾಕ್ 3.9ರ ಹತ್ತಿರ, ಎಂಕ್ಯಾಟ್ 512. ಅರ್ಜಿ ಜೂನ್ ಮೊದಲ ವಾರದಲ್ಲೇ ಹೋಯಿತು. ಪರಿಶೀಲನೆಗೇ ವಾರಗಟ್ಟಲೆ ಹಿಡಿಯುವುದರಿಂದ ತಡವಾದವರ ಅರ್ಜಿ ತೆರೆಯುವ ಹೊತ್ತಿಗೆ ಸೀಟು ತುಂಬುತ್ತಾ ಬಂದಿರುತ್ತದೆ. ಶಿಫಾರಸು ಪತ್ರಗಳು ಹೊಸ ಪ್ರಾಧ್ಯಾಪಕರಿಂದ. ಬಿದ್ದ ಅಂಕದ ಬಗ್ಗೆ ಎರಡೇ ವಾಕ್ಯ, ಮನೆಯವರ ಮೇಲೆ ಹೊರಿಸದೆ. ಪಟ್ಟಿಯಲ್ಲಿ ಅರ್ಧದಷ್ಟು ಡಿ.ಒ. ಕಾಲೇಜುಗಳು. "ಅವರು ನಿಜವಾದ ಡಾಕ್ಟರೇನಾ?" ಎಂದು ಅಮ್ಮ ಕೇಳಿದ್ದರು. ಐವತ್ತೂ ರಾಜ್ಯಗಳಲ್ಲಿ ಪೂರ್ಣ ವೈದ್ಯ ಪರವಾನಗಿ ಇದೆ, 2020ರಿಂದ ರೆಸಿಡೆನ್ಸಿಗಳಿಗೂ ಒಂದೇ ಮಾನ್ಯತಾ ವ್ಯವಸ್ಥೆ. ನ್ಯೂರೋಸರ್ಜರಿ, ಡರ್ಮಟಾಲಜಿಯಂಥ ಕೆಲವು ವಿಭಾಗಗಳಿಗೆ ಡಿ.ಒ.ಗಳಿಗೆ ದಾರಿ ಹೆಚ್ಚು ಕಡಿದು ಎಂಬುದನ್ನೂ ಮುಚ್ಚಿಡಲಿಲ್ಲ.

ಸಿಂಧು ಇಲ್ಲಿನ ಪ್ರಜೆ, ಅದಕ್ಕೇ ಈ ಪಟ್ಟಿ ಇಷ್ಟು ಉದ್ದವಾಯಿತು. ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳು ಕಡಿಮೆ. ಎಚ್4 (ಅಪ್ಪ-ಅಮ್ಮನ ಕೆಲಸದ ವೀಸಾದ ಮೇಲಿನ ಅವಲಂಬಿತ ವೀಸಾ) ಮಕ್ಕಳಿರುವ ಮನೆಯವರು 21 ತುಂಬುವ ಮುಂಚೆಯೇ ವಲಸೆ ವಕೀಲರನ್ನು ಕಾಣಬೇಕು.

ನವೆಂಬರ್‌ನಲ್ಲಿ ಒಂದು ಡಿ.ಒ. ಕಾಲೇಜು ಸೀಟು ಕೊಟ್ಟಿತು. ಒಂದು ಎಂ.ಡಿ. ಕಾಲೇಜು ಸಂದರ್ಶನ ಮಾಡಿ ವೇಟ್‌ಲಿಸ್ಟ್‌ನಲ್ಲಿಟ್ಟಿತು. ಅಪ್ಪ ಫೋನ್ ಮಾಡಿ, ಇದನ್ನು ಬಿಟ್ಟು ಇನ್ನೊಂದು ವರ್ಷ ನೋಡಿದರೆ ಎಂ.ಡಿ.ಯೇ ಸಿಗಬಹುದಲ್ಲವೇ ಎಂದರು. ಕೈಗೆ ಬಂದ ಸೀಟು ಬಿಟ್ಟು ಮತ್ತೆ ಅರ್ಜಿ ಹಾಕಿದವರಿಗೆ ಮುಂದಿನ ಸಲ ದಾರಿ ಇನ್ನೂ ಇಕ್ಕಟ್ಟಾಗುತ್ತದೆ, ವೇಟ್‌ಲಿಸ್ಟ್ ತೆರೆದರೆ ಆಗ ನೋಡೋಣ ಎಂದೆ. "ಅವಳನ್ನೇ ಕೇಳಿ ಸರ್" ಎಂದೂ ಸೇರಿಸಿದೆ. ಅವಳು ಹಿಂದಿನ ದಿನವೇ ಡೆಪಾಸಿಟ್ ಕಟ್ಟಿಯಾಗಿತ್ತು.