ಗಾಳಿ ನೋಡಿಯೇ ಸಿಡಿಸಿದರು, ಆದರೂ ಬೂದಿ ಬಿತ್ತು

ಪ್ರಶ್ನೆ: 1954ರಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿದಾಗ ದೂರದ ದ್ವೀಪದವರಿಗೂ ವಿಕಿರಣ ತಗುಲಿತು ಎಂದು ಓದಿದೆ. ಮುನ್ನೆಚ್ಚರಿಕೆಯೇ ಇರಲಿಲ್ವಾ?

ಉತ್ತರ: ಇತ್ತು, ಕಾಗದದ ಮೇಲೆ ಬಲವಾಗಿಯೇ ಇತ್ತು. ಸಿಬ್ಬಂದಿಗೆ ವಿಕಿರಣ ಅಳೆಯುವ ಫಿಲ್ಮ್ ಬ್ಯಾಡ್ಜ್, ಇಡೀ ಕಾರ್ಯಾಚರಣೆಗೆ ಒಬ್ಬರಿಗೆ 3.9 ರಾಂಟ್‌ಜೆನ್ (ವಿಕಿರಣದ ಅಳತೆಮಾನ) ಮಿತಿ, ಹಡಗುಗಳಿಗೆ ಬೂದಿ ತೊಳೆಯುವ ನೀರಿನ ಸಿಂಪಡಣೆ, ಬೇರೆ ಬೇರೆ ಎತ್ತರದ ಗಾಳಿ ನೋಡುವ ಹವಾಮಾನ ತಂಡ.

ಎಡವಿದ್ದು ಎರಡು ಕಡೆ. ಮಾರ್ಚ್ 1ರ 'ಬ್ರಾವೋ' ಬಾಂಬ್ ಸುಮಾರು 6 ಮೆಗಾಟನ್ ಅಂದುಕೊಂಡಿದ್ದರು, ಆದದ್ದು 15 (ಒಂದು ಮೆಗಾಟನ್ ಅಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ). ಬಾಂಬಿನ ಇಂಧನದಲ್ಲಿ ಸುಮ್ನೆ ಇರುತ್ತದೆ ಅಂದುಕೊಂಡಿದ್ದ ಲಿಥಿಯಂ-7 ಕೂಡ ಟ್ರಿಟಿಯಂ (ಭಾರದ ಹೈಡ್ರೋಜನ್) ಕೊಟ್ಟು ಉರಿಗೆ ಸೇರಿಕೊಂಡಿತು. ಇನ್ನೊಂದು ಗಾಳಿ. ಮೇಲಿನ ಗಾಳಿ ಪೂರ್ವಕ್ಕೆ, ಜನ ವಾಸವಿದ್ದ ರೊಂಗೆಲಾಪ್ ದ್ವೀಪದ ಕಡೆಗೆ ತಿರುಗಿದ್ದು ಹಿಂದಿನ ರಾತ್ರಿಯೇ ಗೊತ್ತಿತ್ತು. ಆದರೂ ಬೆಳಿಗ್ಗೆ 6.45ಕ್ಕೆ ಸಿಡಿಸಿದರು. ಮೊದಲನೆಯದು ಲೆಕ್ಕದ ತಪ್ಪು, ಒಪ್ಪೋಣ. ಎರಡನೆಯದನ್ನು ಹಾಗೆ ಕರೆಯಲು ನನಗೆ ಮನಸ್ಸಿಲ್ಲ. 1946ರಲ್ಲಿ ಬಿಕಿನಿಯಲ್ಲೇ ನಡೆದ ಅಣುಬಾಂಬ್ ಪರೀಕ್ಷೆಗೆ ಮುಂಚೆ ಇದೇ ರೊಂಗೆಲಾಪ್ ಜನರನ್ನು ಮುಂಜಾಗ್ರತೆಗೆಂದು ಬೇರೆಡೆಗೆ ಕರೆದೊಯ್ದಿದ್ದರು. ಅದಕ್ಕಿಂತ ಎಷ್ಟೋ ದೊಡ್ಡ ಬಾಂಬಿಗೆ ಈ ಸಲ ಆ ಕೆಲಸ ಮಾಡಲಿಲ್ಲ.

ಕೆಲವೇ ಗಂಟೆಗಳಲ್ಲಿ ರೊಂಗೆಲಾಪ್ ಮೇಲೆ ಬಿಳಿ ಪುಡಿ ಉದುರಿತು, ಸುಟ್ಟ ಹವಳದ ಬೂದಿ. ಅದೇನೆಂದು ಯಾರೂ ಹೇಳಿರಲಿಲ್ಲ. ಮಕ್ಕಳು ಅದರಲ್ಲೇ ಆಡಿದರು. ಇನ್ನೂ ಪೂರ್ವಕ್ಕಿರುವ ರೊಂಗೆರಿಕ್ ದ್ವೀಪದ ಹವಾಮಾನ ಕೇಂದ್ರದಲ್ಲಿ 28 ಅಮೆರಿಕನ್ ಸಿಬ್ಬಂದಿ ಇದ್ದರು. ಅಲ್ಲಿನ ವಿಕಿರಣ ಮಾಪಕದ ಮುಳ್ಳು ಕೊನೆ ಮುಟ್ಟಿ ನಿಂತುಬಿಟ್ಟಿತು, ಅದಕ್ಕಿಂತ ಜಾಸ್ತಿ ಅಳೆಯಲು ಅದಕ್ಕೆ ಆಗುತ್ತಿರಲಿಲ್ಲ.

ಬಾಂಬಿನ ಗುಂಡಿ ಒತ್ತಿದ ತಂಡವೂ ಸುಮಾರು 32 ಕಿ.ಮೀ. ದೂರದ ಬಂಕರಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿತ್ತು. ಬೂದಿ ಮೈಗೆ ತಾಗದಂತೆ ಹಾಸಿಗೆಯ ಬಟ್ಟೆ ಹೊದ್ದು ಹೆಲಿಕಾಪ್ಟರ್ ಹತ್ತಿದರು. ಅವರಿಗಾದರೂ ಬಂಕರ್ ಇತ್ತು, ಅಲ್ವಾ?

ತೆರವಿನ ತಾರೀಕುಗಳನ್ನು ನೋಡಿ. ರೊಂಗೆರಿಕ್‌ನ ಅಮೆರಿಕನ್ನರು ಮಾರ್ಚ್ 2ಕ್ಕೆ, ರೊಂಗೆಲಾಪ್‌ನವರು 3ಕ್ಕೆ, ಇನ್ನೂ ದೂರದ ಉಟಿರಿಕ್ ದ್ವೀಪದವರು 4ಕ್ಕೆ. ಅಷ್ಟರಲ್ಲಿ ದ್ವೀಪದ ಜನ ಬೂದಿ ಬಿದ್ದ ನೀರನ್ನೇ ಕುಡಿದಿದ್ದರು.

ನಿಷೇಧಿತ ವಲಯದ ಹೊರಗೇ ಇದ್ದ ಜಪಾನಿನ ಮೀನುಗಾರಿಕೆ ದೋಣಿಯ 23 ಮಂದಿಯ ಮೇಲೂ ಬೂದಿ ಬಿತ್ತು. ಅವರಲ್ಲಿ ಒಬ್ಬರು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆಮೇಲಿನ ಸ್ಫೋಟಗಳಿಗೆ ಆ ವಲಯವನ್ನು ಸುಮಾರು 830 ಕಿ.ಮೀ. ತ್ರಿಜ್ಯಕ್ಕೆ ಹಿಗ್ಗಿಸಿದರು. ಇಂಥ ಪರೀಕ್ಷೆಗಳನ್ನೇ ನಿಲ್ಲಿಸಿ ಎಂದು ನೆಹರೂ ಲೋಕಸಭೆಯಲ್ಲಿ ಹೇಳಿದ್ದು ಅದೇ ವರ್ಷದ ಏಪ್ರಿಲ್ 2ರಂದು.